ಇಂಪ್ಲಾಂಟ್ ತೆಗೆಸಬೇಕು ಅಂತಿದ್ದಾಳೆ: ಮೊದಲು ಯಾವ ಟೆಸ್ಟ್? ಸುತ್ತಲಿನ ಪೊರೆಯನ್ನೂ ಪೂರ್ತಿ ತೆಗೆಸಲೇಬೇಕಾ?

ವಸುಧಾ_ಹಾಸನ

ಅಕ್ಕನ ಮಗಳ ಪರವಾಗಿ ಕೇಳ್ತಿದ್ದೀನಿ. ವಯಸ್ಸು 36. 2016ರಲ್ಲಿ ಬೆಂಗಳೂರಿನಲ್ಲಿ ಎರಡೂ ಸ್ತನಕ್ಕೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿದ್ದು, ಬರೀ ಗಾತ್ರಕ್ಕೋಸ್ಕರ. 275 ಸಿಸಿ, ದುಂಡನೆಯದು, ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದು ಹಾಕಿದ್ದಾರೆ. ಸ್ನಾಯುವಿನ ಮೇಲಿದೆಯೋ ಕೆಳಗಿದೆಯೋ ಗೊತ್ತಿಲ್ಲ. ಮೇಲ್ಮೈ ನುಣುಪೋ ತರಿತರಿಯೋ ಅದೂ ಗೊತ್ತಿಲ್ಲ. ಆಗ ಕೊಟ್ಟಿದ್ದ ಕಾರ್ಡ್ ಕಳೆದುಹೋಗಿದೆ.

ಈಗಿನ ಸ್ಥಿತಿ: ಎಡಗಡೆಯದು ಗಟ್ಟಿಯಾಗಿದೆ, ಬಲಗಡೆಗಿಂತ ಎರಡು ಬೆರಳು ಮೇಲಕ್ಕೆ ಏರಿ ಕೂತಿದೆ, ಆ ಮಗ್ಗುಲಿಗೆ ಮಲಗಿದರೆ ನೋವು. ಇದು ಎರಡು ವರ್ಷದಿಂದ. ಮೂರು ತಿಂಗಳಿಂದ ಅದೇ ಬದಿ ಊದಿಕೊಂಡ ಹಾಗೂ ಇದೆ. ಇದರ ಜೊತೆಗೆ ಕೀಲುನೋವು, ಸುಸ್ತು, ಕೂದಲು ಉದುರುವುದು, ತಲೆ ಮಂಕಾಗಿ ಮಾತು ನೆನಪಿಗೆ ಬಾರದಿರುವುದು.

ಒಂದು ಕಡೆ "ಹಳೆಯದು ತೆಗೆದು ಹೊಸದು ಹಾಕೋಣ" ಅಂದರು. ಇನ್ನೊಂದು ಕಡೆ "ಎನ್‌ಬ್ಲಾಕ್ ಮಾಡಿಸಿದರೆ, ಅಂದರೆ ಸುತ್ತಲಿನ ಪೊರೆಯನ್ನೂ ಸೇರಿಸಿ ತೆಗೆಸಿದರೆ, ಮಾತ್ರ ಗುಣ ಕಾಣೋದು" ಅಂದರು. ಅವಳಿಗೆ ಹೊಸದು ಬೇಡವೇ ಬೇಡ. ಹಾಕಿಸಿದ್ದೇ ತಪ್ಪಾಯ್ತು ಅಂತ ದಿನಾ ಕೊರಗುತ್ತಾಳೆ.

ಕೇಳಬೇಕಾಗಿರೋದು: ಯಾವ ಟೆಸ್ಟ್ ಯಾವ ಕ್ರಮದಲ್ಲಿ ಮಾಡಿಸಬೇಕು? ಪೊರೆ ಪೂರ್ತಿ ತೆಗೆಸೋದು ನಿಜಕ್ಕೂ ಬೇಕಾ? ತೆಗೆಸಿದ ಮೇಲೆ ಎದೆ ಹೇಗೆ ಕಾಣುತ್ತೆ? ಇನ್ಶೂರೆನ್ಸ್ ಸಿಗುತ್ತಾ? ವಿಷಯ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಸ್ಕ್ಯಾನ್‌ರೂಮ್

ವಸುಧಾ ಮೇಡಂ, ನೀವು ಬರೆದಿರೋದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು "ಮೂರು ತಿಂಗಳಿಂದ ಊದಿಕೊಂಡ ಹಾಗಿದೆ" ಅನ್ನೋ ಮಾತು. ಗಟ್ಟಿಯಾಗಿರೋದು ಒಂದು ಸಮಸ್ಯೆ, ಊತ ಬೇರೆಯೇ ಸಮಸ್ಯೆ. ಎರಡನ್ನೂ ಸೇರಿಸಿ ನೋಡಬಾರದು.

ಗಟ್ಟಿಯಾಗಿರೋದಕ್ಕೆ ಕಾರಣ ಹೆಚ್ಚಾಗಿ ಕ್ಯಾಪ್ಸುಲರ್ ಕಾಂಟ್ರಾಕ್ಚರ್. ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತೆ, ಅದು ಎಲ್ಲರಲ್ಲೂ ಆಗುವಂಥದ್ದೇ. ಕೆಲವರಲ್ಲಿ ಆ ಪೊರೆ ದಪ್ಪವಾಗಿ ಕುಗ್ಗಿ ಇಂಪ್ಲಾಂಟನ್ನು ಹಿಂಡುತ್ತೆ. ಹಾಕುವಾಗ ಮೇಲ್ಮೈಗೆ ಅಂಟಿಕೊಂಡ ಬ್ಯಾಕ್ಟೀರಿಯಾದ ತೆಳು ಪದರ, ಒಳಗೆ ನಿಂತ ರಕ್ತ, ಇಂಪ್ಲಾಂಟ್ ಒಡೆದು ಜಿನುಗಿದ ಸಿಲಿಕೋನ್ ಇವೆಲ್ಲ ಅದಕ್ಕೆ ದಾರಿ ಮಾಡುತ್ತವೆ. ಬೇಕರ್ ಅಂತ ನಾಲ್ಕು ಹಂತ ಇದೆ. 1 ಅಂದರೆ ಮೆತ್ತಗೆ, ಸಹಜ. 2 ಅಂದರೆ ಮುಟ್ಟಿದರೆ ಸ್ವಲ್ಪ ಗಟ್ಟಿ, ನೋಡಲು ಸರಿ. 3ರಲ್ಲಿ ಆಕಾರವೂ ಕೆಟ್ಟಿರುತ್ತೆ. 4ರಲ್ಲಿ ನೋವೂ ಸೇರಿಕೊಳ್ಳುತ್ತೆ. ಮೇಲಕ್ಕೆ ಏರಿ ಕೂತು ನೋಯುತ್ತಿದೆ ಅಂದರೆ 4ರ ಲಕ್ಷಣ. ಮಾತ್ರೆಯಿಂದ, ಮಸಾಜ್‌ನಿಂದ ಆ ಹಂತ ಹಿಂದಕ್ಕೆ ಹೋಗೋದಿಲ್ಲ.

ಊತ ಮಾತ್ರ ಈ ವಾರವೇ ನೋಡಬೇಕಾದದ್ದು. ಹಾಕಿಸಿ ಒಂದು ವರ್ಷ ದಾಟಿದ ಮೇಲೆ, ಪೆಟ್ಟು ಬಿದ್ದಿಲ್ಲ, ಜ್ವರ ಇಲ್ಲ, ಆದರೂ ಒಂದು ಬದಿ ಊದಿದರೆ ಇಂಪ್ಲಾಂಟ್ ಸುತ್ತ ದ್ರವ ತುಂಬಿದೆಯಾ ಅಂತ ನೋಡಲೇಬೇಕು. ಬಿಐಎ-ಎಎಲ್‌ಸಿಎಲ್ ಅನ್ನೋ ಲಿಂಫೋಮಾ ಸಾಮಾನ್ಯವಾಗಿ ಹೀಗೆಯೇ ಶುರುವಾಗುತ್ತೆ. ಅದು ಸ್ತನದ ಮಾಂಸದ ಕ್ಯಾನ್ಸರ್ ಅಲ್ಲ, ಪೊರೆಯಲ್ಲಿ ಹುಟ್ಟುವ ರೋಗ ನಿರೋಧಕ ಜೀವಕೋಶಗಳ ಕ್ಯಾನ್ಸರ್. ಬಹಳ ಅಪರೂಪ. ಬಹುಪಾಲು ತರಿತರಿ ಮೇಲ್ಮೈ ಇರುವವುಗಳಲ್ಲಿ ಕಾಣುತ್ತೆ, ಹಾಕಿಸಿ ಸರಾಸರಿ 8ರಿಂದ 10 ವರ್ಷಕ್ಕೆ. ನಿಮ್ಮ ಹುಡುಗಿ ಈಗ ಅದೇ ಅವಧಿಯಲ್ಲಿದ್ದಾಳೆ, ಮೇಲ್ಮೈ ಯಾವುದು ಅಂತಲೂ ಗೊತ್ತಿಲ್ಲ. ಗಾಬರಿ ಬೀಳಿಸೋಕೆ ಹೇಳ್ತಿಲ್ಲ. ದ್ರವದ ಊತಕ್ಕೆ ಬೇರೆ ಕಾರಣಗಳೇ ಹೆಚ್ಚು. ಆದರೆ ಇದನ್ನು ತಳ್ಳಿಹಾಕದೆ ಯಾರೂ ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಹೋಗಬಾರದು. ಬೇಗನೆ, ಪೊರೆಯ ಒಳಗೇ ಇರುವಾಗ ಸಿಕ್ಕರೆ ಆಪರೇಷನ್ ಒಂದರಿಂದಲೇ ಹೆಚ್ಚಿನವರು ಗುಣವಾಗುತ್ತಾರೆ.

ಕ್ರಮ ಹೀಗಿರಲಿ. ಮೊದಲು ಅಲ್ಟ್ರಾಸೌಂಡ್, ಎರಡೂ ಸ್ತನ ಮತ್ತು ಎರಡೂ ಕಂಕುಳು. ಚೀಟಿಯಲ್ಲಿ "ಇಂಪ್ಲಾಂಟ್ ಇದೆ, 9 ವರ್ಷ, ಎಡಬದಿ ತಡವಾಗಿ ಬಂದ ಊತ, ದ್ರವ ಇದೆಯಾ, ಪೊರೆಗೆ ಗಂಟು ಅಂಟಿದೆಯಾ" ಅಂತ ಬರೆಸಿ. ಬರೀ "ಸ್ತನ ಸ್ಕ್ಯಾನಿಂಗ್" ಅಂತ ಬರೆದರೆ ಇಂಪ್ಲಾಂಟ್ ಹಿಂಭಾಗ ನೋಡದೇ ಬಿಡಬಹುದು. ಅಂಚಿನಲ್ಲಿ ನಾಲ್ಕೈದು ಮಿಲಿ ದ್ರವ ಇರೋದು ಸಹಜ, ಅದಕ್ಕೆ ಹೆದರಬೇಡಿ.

ಅದಾದ ಮೇಲೆ ಎಂಆರ್‌ಐ. ಇಂಪ್ಲಾಂಟ್ ಒಡೆದಿದೆಯಾ ಅಂತ ತಿಳಿಯೋಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ. ಗಂಟಿನ ಅನುಮಾನ ಇದ್ದರೆ ಮಾತ್ರ ಬೇಕು. ಬೋರಲು ಮಲಗಿಸುವ ಬ್ರೆಸ್ಟ್ ಕಾಯಿಲ್ ಇದೆಯಾ, ಸಿಲಿಕೋನ್ ಮಾತ್ರ ಎತ್ತಿ ತೋರಿಸುವ ಸೀಕ್ವೆನ್ಸ್ ತೆಗೆಯುತ್ತಾರಾ ಅಂತ ಫೋನ್‌ನಲ್ಲೇ ಕೇಳಿ. ಇವೆರಡೂ ಇಲ್ಲದ ಸೆಂಟರ್‌ನಲ್ಲಿ ದುಡ್ಡು ಸುರಿಯಬೇಡಿ. ಉಪ್ಪುನೀರಿನ ಇಂಪ್ಲಾಂಟ್ ಒಡೆದರೆ ಕೆಲವೇ ದಿನದಲ್ಲಿ ಕುಸಿದು ಎದ್ದು ಕಾಣುತ್ತೆ. ಸಿಲಿಕೋನ್ ಹಾಗಲ್ಲ. ಜೆಲ್ ಪೊರೆಯ ಒಳಗೇ ನಿಲ್ಲುತ್ತೆ, ಹೊರಗಿಂದ ಏನೂ ತಿಳಿಯಲ್ಲ. ಎಂಆರ್‌ಐಯಲ್ಲಿ ಹರಿದ ಚೀಲ ಜೆಲ್ ಒಳಗೆ ಶಾವಿಗೆ ಎಳೆ ತೇಲಿದ ಹಾಗೆ ಸುರುಳಿ ಸುರುಳಿಯಾಗಿ ಕಾಣುತ್ತೆ, ಲಿಂಗ್ವಿನಿ ಸೈನ್ ಅನ್ನೋದು ಅದನ್ನೇ. ಜೆಲ್ ಪೊರೆ ದಾಟಿ ಕಂಕುಳ ಲಿಂಫ್ ಗ್ರಂಥಿಗೆ ಹೋಗಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಮಂಜು ಸುರಿದ ಹಾಗೆ ಬಿಳಿ ಮಬ್ಬು ಬರುತ್ತೆ.

ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಉಪಕರಣ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) 2021ರಲ್ಲಿ ಹೇಳಿರೋ ಪ್ರಕಾರ, ಏನೂ ತೊಂದರೆ ಇಲ್ಲದವರೂ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿದ 5-6 ವರ್ಷಕ್ಕೆ ಒಮ್ಮೆ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು.

ಓಟಿ_ಸಿಸ್ಟರ್

ಸ್ಕ್ಯಾನ್ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಆಪರೇಷನ್ ಬಗ್ಗೆ ಬರೀತೀನಿ.

ಎನ್‌ಬ್ಲಾಕ್ ಅನ್ನೋ ಪದ ಈಗ ಎಲ್ಲರ ಬಾಯಲ್ಲೂ ಇದೆ, ಆದರೆ ಅರ್ಥ ಕಲಸಿಹೋಗಿದೆ. ಇಂಪ್ಲಾಂಟ್ ಮಾತ್ರ ತೆಗೆದು ಪೊರೆ ಬಿಡೋದು ಒಂದು. ಪೊರೆಯ ಸ್ವಲ್ಪ ಭಾಗ ತೆಗೆಯೋದು ಇನ್ನೊಂದು. ಪೊರೆ ಪೂರ್ತಿ ತೆಗೆಯೋದು ಮೂರನೆಯದು, ಅದನ್ನೇ ಇಂಪ್ಲಾಂಟ್ ಸಮೇತ ಒಡೆಯದೆ ಇಡಿಯಾಗಿ ಹೊರತಂದರೆ ಇಂಟ್ಯಾಕ್ಟ್ ಟೋಟಲ್ ಅಂತಾರೆ. ಎನ್‌ಬ್ಲಾಕ್ ಅಂದರೆ ಪೊರೆಯ ಸುತ್ತಲಿನ ಒಳ್ಳೆಯ ಮಾಂಸವನ್ನೂ ಒಂದು ಅಂಚಿನಷ್ಟು ಸೇರಿಸಿ ತೆಗೆಯೋದು. ಇದು ಕ್ಯಾನ್ಸರ್ ಸಾಬೀತಾದಾಗ ಮಾಡುವ ಆಪರೇಷನ್. ಕ್ಯಾನ್ಸರ್ ಇಲ್ಲದವರಿಗೆ ಹೀಗೆ ಮಾಡಿದರೆ ಇರೋ ಸ್ತನದ ಮಾಂಸವೂ ಹೋಗುತ್ತೆ, ಗುಳಿ ಬೀಳುತ್ತೆ.

"ಅದು ಮಾಡಿಸಿದರೆ ಮಾತ್ರ ಗುಣ" ಅನ್ನೋದಕ್ಕೆ ಆಧಾರ ಇಲ್ಲ. ಸುಸ್ತು, ಮಂಕು, ಕೀಲುನೋವು ಇಂಥ ಲಕ್ಷಣ ಇದ್ದ ಹೆಂಗಸರನ್ನು ಇಟ್ಟುಕೊಂಡು ಅಮೆರಿಕದಲ್ಲಿ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯ್ತು. ಇಡಿಯಾಗಿ ತೆಗೆಸಿದವರು, ಪೂರ್ತಿ ತೆಗೆಸಿದವರು, ಸ್ವಲ್ಪ ಮಾತ್ರ ತೆಗೆಸಿದವರು, ಮೂರು ಗುಂಪಿನವರಿಗೂ ಲಕ್ಷಣ ಕಡಿಮೆಯಾಯ್ತು. ಪೊರೆ ಎಷ್ಟು ತೆಗೆದರು ಅನ್ನೋದರಿಂದ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇಂಪ್ಲಾಂಟ್ ತೆಗೆಸೋದರಿಂದ ಅನೇಕರಿಗೆ ಹಗುರಾಗುತ್ತೆ ಅನ್ನೋದು ನಿಜ. ಅದಕ್ಕೆ ಹೆಚ್ಚು ದುಡ್ಡಿನ, ಹೆಚ್ಚು ಅಪಾಯದ ಆಪರೇಷನ್ನೇ ಬೇಕು ಅನ್ನೋದು ನಿಜ ಅಲ್ಲ.

ಹಾಗಂತ ಪೊರೆ ಬಿಟ್ಟುಬಿಡಿ ಅಂತಲೂ ಅಲ್ಲ. ಒಳ್ಳೆಯ ಪೊರೆ ಹೇಗಿರುತ್ತೆ ಅಂದರೆ ಬೇಯಿಸಿದ ಮೊಟ್ಟೆ ಸುಲಿದಾಗ ಚಿಪ್ಪಿನ ಒಳಗೆ ಅಂಟಿರುವ ತೆಳು ಬಿಳಿ ಪದರ ನೋಡಿ, ಅಷ್ಟೇ. ಅದನ್ನು ದೇಹ ತಾನೇ ಕರಗಿಸಿಕೊಳ್ಳಬಹುದು. ಬೇಕರ್ 4ರ ಪೊರೆ ದಪ್ಪ ತೊಗಲಿನ ಹಾಗಿರುತ್ತೆ. ಕೆಲವಕ್ಕೆ ಸುಣ್ಣ ಕಟ್ಟಿ ಚಾಕು ತಾಗಿದರೆ ಕರಕರ ಅನ್ನುತ್ತೆ. ಅಂಥದ್ದು ತೆಗೆಯಲೇಬೇಕು. ಇಂಪ್ಲಾಂಟ್ ಒಡೆದಿದ್ದರೂ ಅಷ್ಟೇ. ಹೊರಬಿದ್ದ ಜೆಲ್ ಹಲಸಿನ ಮೇಣದ ಹಾಗೆ ಗ್ಲೌಸ್‌ಗೆ, ಗಾಜ್‌ಗೆ, ಕತ್ತರಿಗೆ ಅಂಟುತ್ತೆ, ತೊಳೆದರೆ ಹೋಗಲ್ಲ. ಪೊರೆಯ ಚೀಲದಲ್ಲೇ ಕಟ್ಟಿ ಹೊರತಂದರೆ ಒಳಗೆ ಹರಡೋದು ತಪ್ಪುತ್ತೆ. ತರಿತರಿ ಮೇಲ್ಮೈಯದಾಗಿದ್ದು ಸುತ್ತ ದ್ರವ ಇದ್ದರೂ ಪೊರೆ ಪೂರ್ತಿ ತೆಗೆದು ಲ್ಯಾಬ್‌ಗೆ ಕಳಿಸೋದು ಸರಿ.

ಸ್ನಾಯುವಿನ ಕೆಳಗೆ ಹಾಕಿದ್ದರೆ ಒಂದು ಎಚ್ಚರ ಬೇಕು. ಪೊರೆಯ ಹಿಂಭಾಗ ಪಕ್ಕೆಲುಬಿಗೆ ಅಂಟಿರುತ್ತೆ. ಅದನ್ನು ಹಟ ಹಿಡಿದು ಕೀಳಲು ಹೋದರೆ ಪಕ್ಕೆಲುಬಿನ ನಡುವೆ ತೂತಾಗಿ ಶ್ವಾಸಕೋಶದ ಸುತ್ತ ಗಾಳಿ ನುಗ್ಗಬಹುದು. ಅನುಭವ ಇರೋ ಸರ್ಜನ್ ಆ ಭಾಗ ಮಾತ್ರ ಬಿಟ್ಟು ಕೆರೆದು ಅಥವಾ ಸುಟ್ಟು ನಿಲ್ಲಿಸುತ್ತಾರೆ. ಅದನ್ನು "ಅರ್ಧಂಬರ್ಧ ಮಾಡಿದರು" ಅಂತ ತಿಳಿಯಬೇಡಿ.

ಸರ್ಜನ್ ಹತ್ತಿರ ಕೇಳಬೇಕಾದ್ದು: ಎಂಸಿಎಚ್ ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಆಗಿದೆಯಾ? ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ ನೀವೇ ತಾಳೆ ನೋಡಬಹುದು. "ಕಾಸ್ಮೆಟಾಲಜಿಸ್ಟ್" ಅನ್ನೋ ಬೋರ್ಡ್ ನೋಡಿ ಹೋಗಬೇಡಿ. ತೆಗೆದದ್ದೆಲ್ಲ ಪೆಥಾಲಜಿಗೆ ಹೋಗುತ್ತಾ? ಅರವಳಿಕೆ ಡಾಕ್ಟರ್ ಇಡೀ ಹೊತ್ತು ಇರುತ್ತಾರಾ? ರಾತ್ರಿ ರಕ್ತ ಕಟ್ಟಿ ಊದಿದರೆ ಮತ್ತೆ ಓಟಿಗೆ ತೆಗೆದುಕೊಳ್ಳುವ ವ್ಯವಸ್ಥೆ ಅದೇ ಕಟ್ಟಡದಲ್ಲಿ ಇದೆಯಾ?

ವಸುಧಾ_ಹಾಸನ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಲ್ಟ್ರಾಸೌಂಡ್ ಆಯ್ತು. ಎಡಗಡೆ ಇಂಪ್ಲಾಂಟ್ ಸುತ್ತ ದ್ರವ ಇದೆ, ಸುಮಾರು 70 ಮಿಲಿ ಅಂತ ಬರೆದಿದ್ದಾರೆ. ಗಂಟು ಕಂಡಿಲ್ಲ, ಕಂಕುಳಲ್ಲೂ ಏನಿಲ್ಲ. ಬಲಗಡೆ ಸರಿ ಇದೆ. ನಾಳಿದ್ದು ಸೂಜಿ ಹಾಕಿ ದ್ರವ ತೆಗೆಯೋಣ, ಊತ ಇಳಿಯುತ್ತೆ ಅಂದಿದ್ದಾರೆ. ಎಚ್ಚರ ವಹಿಸಬೇಕಾದ್ದು ಏನಾದರೂ ಇದೆಯಾ?

ಲ್ಯಾಬ್_ಧಾರವಾಡ

ಅಕ್ಕಾರ, ಅವಸರದಾಗ ಬರಿಯಾಕತ್ತೀನಿ, ನಾಳಿದ್ದಕ್ಕ ಮೊದಲು ಓದ್ರಿ. ಊತ ಇಳಿಸೂದು ಮುಖ್ಯ ಅಲ್ಲ, ಆ ನೀರು ಮುಖ್ಯ. ಮೊದಲನೇ ಸಲ ತೆಗದ ನೀರಿನಾಗ ಜೀವಕೋಶ ಜಾಸ್ತಿ ಸಿಗ್ತಾವು. ಅದನ್ನ ಟ್ರೇಕ್ಕ ಚೆಲ್ಲಿ, ಎರಡನೇ ಸಲ ತೆಗದು ಕಳಿಸಿದ್ರ ರೋಗ ಇದ್ರೂ ತಪ್ಪಿಸ್ಕೊಳ್ಳೂ ಸಾಧ್ಯತೆ ಐತಿ.

ಸ್ಕ್ಯಾನ್ ನೋಡ್ಕೋತ ಸೂಜಿ ಹಾಕಸ್ರಿ, ಇಲ್ಲಂದ್ರ ಇಂಪ್ಲಾಂಟಿಗೇ ಚುಚ್ಚತದ. ಸಿಕ್ಕಷ್ಟೂ ನೀರು ಹಿಡೀಬೇಕು, 50 ಮಿಲಿ ಸಿಕ್ರ ಛಲೋ. ಸ್ಟೆರೈಲ್ ಡಬ್ಬಿಯೊಳಗ ತಾಜಾ ಇರೂವಾಗಲೇ ಲ್ಯಾಬಿಗೆ ಮುಟ್ಟಬೇಕು. ಎಲ್ಲಾ ನೀರಿಗೂ ಫಾರ್ಮಲಿನ್ ಹಾಕಬ್ಯಾಡ್ರಿ, ಹಾಕಿದ್ರ ಫ್ಲೋ ಸೈಟೋಮೆಟ್ರಿ (ಜೀವಕೋಶ ಒಂದೊಂದಾಗಿ ಯಂತ್ರದಾಗ ಗುರುತಿಸೂ ಟೆಸ್ಟ್) ಆಗೂದಿಲ್ಲ, ಕಲ್ಚರೂ ಆಗೂದಿಲ್ಲ. ಅದಕ್ಕ ಮೊದಲೇ ಲ್ಯಾಬಿಗೆ ಫೋನ್ ಮಾಡಿ ಎಷ್ಟು ಡಬ್ಬಿ, ಯಾವುದರಾಗ ಏನು ಅಂತ ಕೇಳ್ಕೋರಿ.

ಚೀಟಿ ಮ್ಯಾಲ ಬರಸ್ರಿ: "ಇಂಪ್ಲಾಂಟ್ ಸುತ್ತಲಿನ ತಡವಾದ ಸೆರೋಮಾ, ಬಿಐಎ-ಎಎಲ್‌ಸಿಎಲ್ ಅನುಮಾನ. ಸೈಟಾಲಜಿ, ಸೆಲ್ ಬ್ಲಾಕ್, ಸಿಡಿ30, ಎಎಲ್‌ಕೆ, ಫ್ಲೋ ಸೈಟೋಮೆಟ್ರಿ, ಕಲ್ಚರ್." ಸೆರೋಮಾ ಅಂದ್ರ ಸೇರಿಕೊಂಡ ನೀರು, ಸೈಟಾಲಜಿ ಅಂದ್ರ ಜೀವಕೋಶನ ಸೂಕ್ಷ್ಮದರ್ಶಕದಾಗ ನೋಡೂದು, ಸಿಡಿ30, ಎಎಲ್‌ಕೆ ಅಂದ್ರ ಜೀವಕೋಶದ ಗುರುತಿನ ಪ್ರೋಟೀನು. ಚೀಟಿ ಮ್ಯಾಲ ಇದನ್ನ ಬರೀಲಿಲ್ಲಂದ್ರ ಪೆಥಾಲಜಿಸ್ಟ್ ಸಾದಾ ಸೈಟಾಲಜಿ ನೋಡಿ "ಉರಿಯೂತ" ಅಂತ ಬರದು ಕೈತೊಳಕೊಳ್ಳಬಹುದು. ಅವರ ತಪ್ಪಲ್ಲ ಅದು, ಅವರಿಗೆ ಇಂಪ್ಲಾಂಟ್ ಐತಿ ಅಂತ ಹೇಳೇ ಇರೂದಿಲ್ಲ.

ರಿಪೋರ್ಟ್ ಬಂದಾಗ ಒಂದು ತಿಳ್ಕೋರಿ. ಸಿಡಿ30 ಅಲ್ಲೊಂದು ಇಲ್ಲೊಂದು ಜೀವಕೋಶದಾಗ ಪಾಸಿಟಿವ್ ಬಂದ್ರ ಅದೇ ಕ್ಯಾನ್ಸರ್ ಅಂತಲ್ಲ, ಸಾದಾ ಉರಿಯೂತದಾಗೂ ಬರ್ತದ. ದೊಡ್ಡ ದೊಡ್ಡ ವಿಕಾರ ಜೀವಕೋಶ ಇದ್ದು, ಅವೆಲ್ಲಕ್ಕೂ ಸಿಡಿ30 ಗಾಢ ಹತ್ತಿ, ಎಎಲ್‌ಕೆ ನೆಗೆಟಿವ್ ಇದ್ರ ಆಗ ಅದು ಆ ರೋಗ. ಹಂಗ ಬಂದ್ರ ಕಾಸ್ಮೆಟಿಕ್ ಕ್ಲಿನಿಕ್ಕಿನ ಕಡೆ ತಿರಗಿ ನೋಡಬ್ಯಾಡ್ರಿ, ಸೀದಾ ಕ್ಯಾನ್ಸರ್ ಆಸ್ಪತ್ರಿಗೆ ಹೋಗ್ರಿ. ಬೆಂಗಳೂರಾಗ ಕಿದ್ವಾಯಿ ಐತಿ. ಪೆಟ್-ಸಿಟಿ ಮಾಡಿಸಿ ಎಲ್ಲಿ ತನಕ ಹಬ್ಬೇತಿ ನೋಡಿ, ಆಮ್ಯಾಲೆ ಆಪರೇಷನ್. ಅಲ್ಲಿ ಮಾತ್ರ ಆ ಎನ್‌ಬ್ಲಾಕ್ ಬೇಕಾಗೂದು.

ನೆಗೆಟಿವ್ ಬಂದ್ರೂ ಪೊರೆ ಲ್ಯಾಬಿಗೆ ಬರಬೇಕು. ಎಡ, ಬಲ ಬ್ಯಾರೆ ಬ್ಯಾರೆ ಡಬ್ಬಿ, ಮುಂದ ಹಿಂದ ಗೊತ್ತಾಗೂ ಹಂಗ ಒಂದು ಹೊಲಿಗಿ ದಾರದ ಗುರುತು. ಅನುಮಾನ ಇದ್ದ ಪೊರೆಗೆ ಆರೂ ಮುಖದಿಂದ ಎರಡೆರಡು ತುಣುಕು, ಒಟ್ಟು ಹನ್ನೆರಡು ನೋಡ್ತಾರ. ಪೊರೆಯೊಳಗ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಅನ್ನೂ ಇನ್ನೊಂದು ಕ್ಯಾನ್ಸರ್ ಬಂದ ಪ್ರಕರಣ ಅದಾವು ಅಂತ ಎಫ್‌ಡಿಎ 2022ರಾಗ ಎಚ್ಚರಿಕೆ ಕೊಟ್ಟೈತಿ. ಭಾಳ ಅಪರೂಪ, ಆದ್ರ ನೋಡದನ ಹೆಂಗ ಗೊತ್ತಾಗಬೇಕು?

ಕಡತ_ಮೈಸೂರು

ವಸುಧಾ ಅವರೇ, ಮೇಲ್ಮೈ ಯಾವುದು ಅನ್ನೋದು ಕಾಗದದಿಂದ ತಿಳಿಯುತ್ತೆ, ಅದನ್ನು ಈಗಲೇ ಹುಡುಕಿಸಿ. ಪ್ರತಿ ಇಂಪ್ಲಾಂಟ್ ಡಬ್ಬಿಯಲ್ಲೂ ಕಿತ್ತು ಅಂಟಿಸುವ ಸ್ಟಿಕರ್‌ಗಳು ಇರುತ್ತವೆ. ಒಂದು ರೋಗಿಯ ಕಾರ್ಡ್‌ಗೆ, ಒಂದು ಆಪರೇಷನ್ ನೋಟ್ಸ್‌ಗೆ. ಅದರಲ್ಲಿ ಕಂಪನಿ, ಆರ್‌ಇಎಫ್ ಸಂಖ್ಯೆ, ಲಾಟ್ ಸಂಖ್ಯೆ, ಎಸ್‌ಎನ್ ಅಂತ ಸೀರಿಯಲ್ ಸಂಖ್ಯೆ, ಸಿಸಿ ಎಲ್ಲ ಇರುತ್ತೆ. ಎಡಕ್ಕೊಂದು ಬಲಕ್ಕೊಂದು. ಅವಳ ಕಾರ್ಡ್ ಹೋಗಿದ್ದರೂ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಆ ಸ್ಟಿಕರ್ ಇರಬೇಕು.

ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮ ಹೇಳುತ್ತೆ. ಬಾಯಿಮಾತಲ್ಲಿ ಕೇಳಬೇಡಿ. ಒಂದು ಅರ್ಜಿ ಬರೆದು, ಅವಳ ಸಹಿ, ಗುರುತಿನ ಚೀಟಿ ಪ್ರತಿ ಇಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ತೊಡಕು ಏನೆಂದರೆ ಅದೇ ನಿಯಮದಲ್ಲಿ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಮಾತ್ರ. 2016ರದ್ದು ಇಲ್ಲ ಅಂದರೂ ಅನ್ನಬಹುದು. ಆಗ ಹಳೆಯ ಬಿಲ್ ನೋಡಿ, ಇಂಪ್ಲಾಂಟ್ ಹೆಸರು ಬೇರೆ ಸಾಲಿನಲ್ಲಿ ಬರೆದಿರುತ್ತಾರೆ.

ಹೆಸರು ಯಾಕೆ ಬೇಕು ಅಂದರೆ, ಅಲರ್ಗನ್ ಕಂಪನಿಯ ಬಯೋಸೆಲ್ ಎಂಬ ತರಿತರಿ ಮೇಲ್ಮೈಯ ಇಂಪ್ಲಾಂಟ್‌ಗಳನ್ನು 2019ರ ಜುಲೈನಲ್ಲಿ ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡರು. ಆ ಹೊತ್ತಿಗೆ ಎಫ್‌ಡಿಎ ಲೆಕ್ಕದಲ್ಲಿ ಈ ಲಿಂಫೋಮಾ 573 ಜನರಲ್ಲಿ ಕಂಡಿತ್ತು, ಅದರಲ್ಲಿ 481 ಆ ಕಂಪನಿಯವೇ. ಲಕ್ಷಣ ಇಲ್ಲದವರು ತೆಗೆಸಬೇಕಿಲ್ಲ ಅಂತಲೂ ಆಗಲೇ ಹೇಳಿದ್ದರು. ಲಕ್ಷಣ ಇರುವವರ ಮಾತು ಬೇರೆ. ಫ್ರಾನ್ಸಿನ ಪಿಐಪಿ ಕಂಪನಿಯ ಕಥೆ ಇನ್ನೂ ಘೋರ. ವೈದ್ಯಕೀಯ ಸಿಲಿಕೋನ್ ಬದಲು ಕೈಗಾರಿಕೆಗೆ ಬಳಸುವ ಸಿಲಿಕೋನ್ ತುಂಬಿ ಮಾರಿದರು. 2010ರಲ್ಲಿ ಸಿಕ್ಕಿಬಿದ್ದರು, ಸ್ಥಾಪಕ ಜಾನ್-ಕ್ಲೋಡ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯ್ತು.

ಆಪರೇಷನ್‌ಗೆ ಮುಂಚೆ ಒಪ್ಪಿಗೆ ಪತ್ರದಲ್ಲೇ "ತೆಗೆದ ಇಂಪ್ಲಾಂಟ್‌ಗಳನ್ನು ನನಗೆ ಕೊಡಬೇಕು, ಫೋಟೋ ತೆಗೆಯಬೇಕು" ಅಂತ ಬರೆಸಿ. ಇಂಪ್ಲಾಂಟ್ ಬೆನ್ನಿನ ಮಧ್ಯದಲ್ಲಿ ಒಂದು ದುಂಡು ತೇಪೆ ಇರುತ್ತೆ. ಕಂಪನಿಯ ಗುರುತು, ಗಾತ್ರ ಸಾಮಾನ್ಯವಾಗಿ ಅದರ ಮೇಲೆ ಅಚ್ಚಾಗಿರುತ್ತೆ. ಕಾಗದ ಸಿಗದಿದ್ದರೂ ಆ ತೇಪೆ ಹೇಳುತ್ತೆ.

ಇನ್ಶೂರೆನ್ಸ್: ಪಾಲಿಸಿಯಲ್ಲಿ ಎಕ್ಸ್‌ಕ್ಲ್08 (Excl08) ಅನ್ನೋ ಕಲಮು ಓದಿ. ರೂಪ ಬದಲಿಸುವ ಸರ್ಜರಿಗೆ ದುಡ್ಡು ಇಲ್ಲ ಅಂತ ಅದು ಹೇಳುತ್ತೆ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಮರುರಚನೆಗೆ, ಮತ್ತು ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತೆಗೆಯಲು ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಗೆ ವಿನಾಯಿತಿ ಇದೆ, ವೈದ್ಯರು ಹಾಗೆಂದು ಪ್ರಮಾಣೀಕರಿಸಬೇಕು. ಡಾಕ್ಟರ್ ಪತ್ರದಲ್ಲಿ ಬರೀ "ಇಂಪ್ಲಾಂಟ್ ತೆಗೆಯುವುದು" ಅಂತ ಇದ್ದರೆ ತಿರಸ್ಕಾರ ಖಂಡಿತ. "ತಡವಾದ ಸೆರೋಮಾ, ಬೇಕರ್ 4, ಲಿಂಫೋಮಾ ತಳ್ಳಿಹಾಕಬೇಕಾಗಿದೆ" ಅಂತ ಇರೋದನ್ನು ಇರುವ ಹಾಗೆ ಬರೆಸಿ, ಸ್ಕ್ಯಾನ್ ರಿಪೋರ್ಟ್ ಲಗತ್ತಿಸಿ ಮುಂಚಿತ ಅನುಮತಿ ಕೇಳಿ. ಜೊತೆಗೆ ಎದೆ ಎತ್ತಿಸುವ ಸರ್ಜರಿ ಮಾಡಿಸುವುದಾದರೆ ಅದರ ಬಿಲ್ ಬೇರೆ ಮಾಡಿಸಿ. ಎರಡೂ ಒಂದೇ ಬಿಲ್ಲಿನಲ್ಲಿ ಬಂದರೆ ಎರಡೂ ಹೋಗುತ್ತೆ.

ತೊಂದರೆಯನ್ನು ವರದಿ ಮಾಡಿ. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ 2015ರಿಂದ ವೈದ್ಯಕೀಯ ಉಪಕರಣಗಳ ತೊಂದರೆ ದಾಖಲಿಸುತ್ತಿದೆ. ರೋಗಿಯೂ ಬರೆಯಬಹುದು, ಉಚಿತ ಸಹಾಯವಾಣಿ 1800-180-3024. ಒಬ್ಬೊಬ್ಬರೂ ಸುಮ್ಮನಿದ್ದರೆ ಲೆಕ್ಕಕ್ಕೇ ಬರುವುದಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗುವ ಯೋಚನೆ ಇದ್ದರೆ ಎರಡು ವರ್ಷದ ಗಡುವು ನೆನಪಿಡಿ.

ನಯನಾ_ಎಸ್

ಸುಸ್ತು, ಕೀಲುನೋವಿನ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲ, ಅದಕ್ಕೇ ಬರೀತಿದ್ದೀನಿ.

ಬ್ರೆಸ್ಟ್ ಇಂಪ್ಲಾಂಟ್ ಇಲ್ನೆಸ್ ಅಂತ ಹೆಂಗಸರೇ ಇಟ್ಟ ಹೆಸರಿದು. ಇದೆ ಅಥವಾ ಇಲ್ಲ ಅಂತ ಹೇಳುವ ರಕ್ತಪರೀಕ್ಷೆ ಇಲ್ಲ. "ಸಿಲಿಕೋನ್ ಬ್ಲಡ್ ಟೆಸ್ಟ್", "ಹೆವಿ ಮೆಟಲ್ ಡಿಟಾಕ್ಸ್" ಅಂತ ಮಾರೋರಿಗೆ ಒಂದು ರೂಪಾಯಿಯೂ ಕೊಡಬೇಡಿ. ಆದರೆ ಟೆಸ್ಟ್ ಇಲ್ಲ ಅಂದ ಮಾತ್ರಕ್ಕೆ ಅವಳ ಸುಸ್ತು ಸುಳ್ಳಲ್ಲ. 2021ರಲ್ಲಿ ಎಫ್‌ಡಿಎ ಇಂಪ್ಲಾಂಟ್ ಡಬ್ಬಿಯ ಕಪ್ಪು ಚೌಕಟ್ಟಿನ ಎಚ್ಚರಿಕೆಯಲ್ಲೇ ಈ ಲಕ್ಷಣಗಳನ್ನು ಸೇರಿಸಿತು.

ಮಾಡಬೇಕಾದ್ದು, ಇದೇ ಲಕ್ಷಣ ಕೊಡುವ ಬೇರೆ ಕಾಯಿಲೆಗಳನ್ನು ಹುಡುಕೋದು. ಸಿಬಿಸಿ, ಫೆರಿಟಿನ್, ಟಿಎಸ್‌ಎಚ್, ಬಿ12, ವಿಟಮಿನ್ ಡಿ, ಎಚ್‌ಬಿಎ1ಸಿ, ಇಎಸ್‌ಆರ್, ಸಿಆರ್‌ಪಿ, ಎಎನ್‌ಎ, ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ. ಸಸ್ಯಾಹಾರಿಯಾಗಿದ್ದರೆ ಬಿ12 ಕಡೆ ವಿಶೇಷ ಗಮನ ಇರಲಿ, ಅದೊಂದೇ ಕಡಿಮೆಯಾದರೂ ಮಂಕು, ಸುಸ್ತು, ಕೈಕಾಲು ಜೋಮು ಎಲ್ಲ ಬರುತ್ತೆ. ಥೈರಾಯ್ಡ್ ಹೆಚ್ಚುಕಡಿಮೆ ಇದ್ದರೆ ಕೂದಲು ಉದುರುತ್ತೆ. ಸಿಕ್ಕಿದ್ದಕ್ಕೆ ಚಿಕಿತ್ಸೆ ಶುರು ಮಾಡಿ, ಅದಕ್ಕಾಗಿ ಇಂಪ್ಲಾಂಟ್ ತೆಗೆಸೋದನ್ನು ಮುಂದೂಡಬೇಕಿಲ್ಲ. ಎಲ್ಲ ಸರಿ ಇದ್ದು ಆಪರೇಷನ್ ಆದ ಮೇಲೂ ಲಕ್ಷಣ ಉಳಿಯಬಹುದು ಅನ್ನೋದನ್ನು ಮೊದಲೇ ಅವಳಿಗೆ ಹೇಳಿ. ಆಪರೇಷನ್ ಆದ ಎರಡು ಮೂರು ತಿಂಗಳಿಗೆ ಕೂದಲು ಜಾಸ್ತಿ ಉದುರಬಹುದು, ಯಾವ ದೊಡ್ಡ ಆಪರೇಷನ್‌ಗೂ ಹಾಗೆಯೇ. ಅದನ್ನು ನೋಡಿ "ಇನ್ನೂ ಒಳಗೆ ವಿಷ ಇದೆ" ಅಂತ ಭಯ ಬೀಳೋದು ಬೇಡ.

ಎದೆ ಹೇಗೆ ಕಾಣುತ್ತೆ ಅಂತ ಕೇಳಿದ್ದೀರಿ. ಮೊದಲ ವಾರ ಬ್ಯಾಂಡೇಜ್ ಬಿಚ್ಚಿದಾಗ ಗಾಳಿ ಹೋದ ಬಲೂನಿನ ಹಾಗೆ ಚಪ್ಪಟೆಯಾಗಿ, ಸುಕ್ಕಾಗಿ ಇರುತ್ತೆ. ಅದೇ ಕೊನೆಯ ರೂಪ ಅಲ್ಲ. ಚರ್ಮ ಎಳೆದುಕೊಳ್ಳೋಕೆ ಮೂರರಿಂದ ಆರು ತಿಂಗಳು ಬೇಕು. 275 ಸಿಸಿ ಬಹಳ ದೊಡ್ಡದಲ್ಲ, ವಯಸ್ಸೂ 36, ಹಾಗಾಗಿ ಚೆನ್ನಾಗಿ ಕೂರುವ ಸಾಧ್ಯತೆ ಇದೆ. ಎದೆ ಎತ್ತಿಸೋದನ್ನು ಅದೇ ದಿನ ಮಾಡಿಸಬೇಕಾ ಅಂತ ಸರ್ಜನ್ ಕೇಳಬಹುದು. ಇಂಪ್ಲಾಂಟ್ ಸ್ನಾಯುವಿನ ಮೇಲಿದ್ದು, ಪೊರೆಯನ್ನೂ ಪೂರ್ತಿ ತೆಗೆದು, ಅದೇ ಹೊತ್ತಿಗೆ ಎತ್ತಿಸಿದರೆ ತೊಟ್ಟಿಗೆ ಹೋಗುವ ರಕ್ತನಾಳ ಎಲ್ಲ ಕಡೆಯಿಂದಲೂ ಕಡಿದ ಹಾಗಾಗುತ್ತೆ, ತೊಟ್ಟು ಕಪ್ಪಾಗಿ ಸಾಯಬಹುದು. ಅವಳ ವಿಷಯದಲ್ಲಿ ಲ್ಯಾಬ್ ರಿಪೋರ್ಟ್ ಬೇರೆ ಬಾಕಿ ಇದೆ. ಆರು ತಿಂಗಳು ಕಾದು ನೋಡಿ ಆಮೇಲೆ ಬೇಕಾದರೆ ಎತ್ತಿಸೋದು ನನಗೆ ಸರಿ ಅನ್ಸುತ್ತೆ. ಹೊಟ್ಟೆಯ ಕೊಬ್ಬು ತೆಗೆದು ತುಂಬುವ ದಾರಿಯೂ ಇದೆ, ಆದರೆ ತುಂಬಿದ್ದರಲ್ಲಿ ಒಂದಷ್ಟು ಕರಗಿ ಹೋಗುತ್ತೆ. ಸತ್ತ ಕೊಬ್ಬು ಗಂಟಾಗಿ ನಿಂತು ಮುಂದೆ ಮ್ಯಾಮೊಗ್ರಾಂನಲ್ಲಿ ಗೊಂದಲವನ್ನೂ ಮಾಡುತ್ತೆ.

ಕೊರಗಿನ ಬಗ್ಗೆ ಒಂದು ಮಾತು. 2016ರಲ್ಲಿ ಅವಳು ಸಹಿ ಹಾಕಿದ ಕಾಗದದಲ್ಲಿ ಏನಿತ್ತು ಅಂತ ನೋಡಿ. ಗಾತ್ರಕ್ಕಾಗಿ ಹಾಕಿಸಿದವರಲ್ಲಿ ಐವರಲ್ಲಿ ಒಬ್ಬರಷ್ಟು ಜನ ಹತ್ತು ವರ್ಷದೊಳಗೆ ತೆಗೆಸಬೇಕಾಗುತ್ತೆ ಅಂತ ಎಫ್‌ಡಿಎ 2011ರಲ್ಲೇ ಬರೆದಿತ್ತು. ಇದು ಜೀವಮಾನದ ವಸ್ತುವಲ್ಲ ಅಂತ ರೋಗಿಗೆ ಓದಿ ಹೇಳಿ ಸಹಿ ಮಾಡಿಸುವ ಪಟ್ಟಿ ಅಮೆರಿಕದಲ್ಲೇ ಕಡ್ಡಾಯವಾಗಿದ್ದು 2021ರಲ್ಲಿ. ಹೇಳಬೇಕಾದವರು ಹೇಳದೆ ಬಿಟ್ಟ ವಿಷಯಕ್ಕೆ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. "ಆಗಲೇ ಹೇಳಿದ್ವಿ, ಕೇಳಿದ್ಯಾ" ಅಂತ ಮನೆಯವರು ಯಾರೂ ಅನ್ನದ ಹಾಗೆ ನೀವೇ ನೋಡಿಕೊಳ್ಳಿ ಅಕ್ಕ. ನಿದ್ದೆ, ಊಟ ಎರಡು ವಾರಕ್ಕಿಂತ ಹೆಚ್ಚು ಕೆಟ್ಟರೆ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ವಸುಧಾ_ಹಾಸನ

ಧಾರವಾಡದವರು ಹೇಳಿದ ಹಾಗೇ ಚೀಟಿ ಬರೆಸಿ 60 ಮಿಲಿ ಕಳಿಸಿದ್ದೀವಿ, ರಿಪೋರ್ಟ್ ಬರಬೇಕು. ಬಿಲ್ ಸಿಕ್ಕಿತು, ತರಿತರಿ ಮೇಲ್ಮೈಯದು. ಏನೇ ಬಂದರೂ ಎರಡೂ ತೆಗೆಸೋದು ಅಂತ ತೀರ್ಮಾನ ಆಯ್ತು. ಮನೆಗೆ ಬಂದ ಮೇಲೆ ನೋಡಿಕೊಳ್ಳೋದು ನಾನೇ. ಡ್ರೈನ್ ಇರುತ್ತಂತೆ, ಅದರ ಬಗ್ಗೆ ಸಿಸ್ಟರ್ ಸ್ವಲ್ಪ ಹೇಳ್ತೀರಾ?

ಓಟಿ_ಸಿಸ್ಟರ್

ಒಂದೊಂದು ಬದಿಗೆ ಒಂದೊಂದು ಕೊಳವೆ, ತುದಿಯಲ್ಲಿ ಮುಷ್ಟಿ ಗಾತ್ರದ ಬಲ್ಬ್. ಎಡ ಬಲ ಅಂತ ಟೇಪ್ ಅಂಟಿಸಿ ಬರೆದುಬಿಡಿ. ಬೆಳಿಗ್ಗೆ ಸಂಜೆ ಒಂದೇ ಹೊತ್ತಿಗೆ ಕೈ ಸೋಪಿನಲ್ಲಿ ತೊಳೆದು, ಮುಚ್ಚಳ ತೆಗೆದು, ಅಳತೆ ಕಪ್‌ಗೆ ಸುರಿದು, ಮಿಲಿ ಲೆಕ್ಕ ಬರೆದಿಡಿ. ಮುಚ್ಚುವ ಮುಂಚೆ ಬಲ್ಬನ್ನು ಪೂರ್ತಿ ಹಿಂಡಿ ಹಿಡಿದುಕೊಂಡೇ ಮುಚ್ಚಬೇಕು, ಇಲ್ಲದಿದ್ದರೆ ಎಳೆಯೋದಿಲ್ಲ. ಬಣ್ಣ ಕೆಂಪಿಂದ ಗುಲಾಬಿಗೆ, ಆಮೇಲೆ ತಿಳಿ ಹಳದಿಗೆ ಬರಬೇಕು. 24 ಗಂಟೆಗೆ 30 ಮಿಲಿಗಿಂತ ಕಡಿಮೆ, ಸತತ ಎರಡು ದಿನ ಬಂದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಕೊಳವೆಯಲ್ಲಿ ಹೆಪ್ಪು ಕಟ್ಟಿದ್ದರೆ ಚರ್ಮದ ಹತ್ತಿರ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಬಲ್ಬ್ ಕಡೆಗೆ ಸವರಿ.

ಮೊದಲ ದಿನ ಒಂದು ಬದಿ ಮಾತ್ರ ದಿಢೀರ್ ಬಿಗಿಯಾಗಿ ಊದಿ ನೀಲಿ ತಿರುಗಿದರೆ, ಅಥವಾ ಒಂದು ಗಂಟೆಯಲ್ಲೇ ಬಲ್ಬ್ ಕಡುಕೆಂಪು ತುಂಬಿದರೆ ರಾತ್ರಿಯಾದರೂ ಹೊರಡಿ, ಒಳಗೆ ರಕ್ತ ಸುರೀತಿದೆ ಅಂತ ಅರ್ಥ. ಉಸಿರು ಕಟ್ಟಿ ಎದೆ ಚುಚ್ಚಿದರೂ ಹಾಗೆಯೇ. ಜ್ವರ 100.4 ದಾಟಿದರೆ ಅವತ್ತೇ ಫೋನ್ ಮಾಡಿ.

ಮೂರು ವಾರ ನೀರಿನ ಕೊಡ, ತುಂಬಿದ ಕುಕ್ಕರ್, ಗ್ಯಾಸ್ ಸಿಲಿಂಡರ್ ಯಾವುದನ್ನೂ ಎತ್ತಬಾರದು. ಅಟ್ಟದ ಮೇಲಿನ ಡಬ್ಬಿಗೂ ಕೈ ಚಾಚಬಾರದು. ದಿನ ಬಳಸುವುದನ್ನೆಲ್ಲ ಮೊದಲೇ ಸೊಂಟದ ಎತ್ತರಕ್ಕೆ ಇಳಿಸಿಡಿ. ಮುಂದೆ ಹುಕ್ ಇರೋ, ತಂತಿ ಇಲ್ಲದ ಬ್ರಾ ಎರಡು ತೆಗೆದಿಡಿ, ಹಗಲೂ ರಾತ್ರಿ ನಾಲ್ಕರಿಂದ ಆರು ವಾರ ಹಾಕಬೇಕು. ಮುಂದೆ ಬಟನ್ ಇರೋ ನೈಟಿಯೇ ಇರಲಿ, ತಲೆ ಮೇಲಿಂದ ಹಾಕುವಂಥದ್ದು ಬೇಡ. ಬಲ್ಬ್‌ಗಳನ್ನು ನೈಟಿಯ ಒಳಬದಿಗೆ ಪಿನ್ ಮಾಡಿ, ನೇತಾಡಲು ಬಿಟ್ಟರೆ ಹೊಲಿಗೆ ಎಳೆಯುತ್ತೆ.